ಬಲಗಡೆಯ ಲಿವರ್

ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ ಹಿತ್ತಲಿನ ಶೆಡ್ಡಿನಿಂದ ಟಿಕ್ ಎಂದು ಒಂದು ಸದ್ದು ಬಂತು. ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಕೈಯಾಡಿಸಿದರೆ ಪಕ್ಕದ ಹಾಸಿಗೆ ಖಾಲಿ. ನನ್ನವರು ಒಳಗೆ ಬಂದಾಗ ಏನೆಂದು ಕೇಳಿದೆ.

"ಬೆಕ್ಕು ಕಣೇ. ಡಬ್ಬ ಬೀಳಿಸ್ತು, ಮಲಗು" ಎಂದರು.

ಬೆಕ್ಕು ಓಡಿಸಿ ಬಂದವರ ಕೈ ಗ್ರೀಸ್ ವಾಸನೆ ಹೊಡೆಯುತ್ತಿತ್ತು. ಕೇಳಿ ಜಗಳ ತೆಗೆಯುವ ಶಕ್ತಿ ಇರಲಿಲ್ಲ. ಮಗ್ಗುಲು ಬದಲಿಸಿದೆ.

ಅದಾಗಿ ಎರಡು ದಿನದ ಮೇಲೆ ಮೈದುನ ನಮ್ಮ ಲೋಡರ್ ಓಡಿಸುವಾಗ ಯಾರದೋ ಕಾಂಪೌಂಡಿನ ಮೂಲೆ ಕೆಡವಿ ಬಂದ. ನಮ್ಮ ಮನೆ ನಡೆಯುವುದೇ ಆ ಗಾಡಿಯಿಂದ. ಚಿಕ್ಕದು, ಚಕ್ರದ ಬದಲು ಎರಡೂ ಪಕ್ಕ ರಬ್ಬರ್ ಟ್ರ್ಯಾಕು, ಮುಂದೆ ಮಣ್ಣೆತ್ತುವ ಬಕೆಟ್ಟು. ಸ್ಟಿಯರಿಂಗ್ ಇಲ್ಲ, ಎರಡು ಲಿವರ್ ಇವೆ. ಎಡಗೈಯದು ಎಡ ಟ್ರ್ಯಾಕನ್ನು, ಬಲಗೈಯದು ಬಲ ಟ್ರ್ಯಾಕನ್ನು ಓಡಿಸುತ್ತದೆ. ಎರಡನ್ನೂ ಪೂರ್ತಿ ಮುಂದಕ್ಕೆ ತಳ್ಳಿದರೆ ನೇರ ಹೋಗಬೇಕು. ಈಗ ಅದು ಬಲಕ್ಕೆ ಎಳೆಯುತ್ತಿತ್ತು. ನನ್ನವರು ಕೂತರೆ ಮಾತ್ರ ನೇರ.

"ಅಣ್ಣ ಕೂತ್ರೆ ಹೊಸ ಸೊಸೆ ಥರ ತಲೆ ತಗ್ಗಿಸ್ಕೊಂಡು ಹೋಗುತ್ತೆ ಅತ್ತಿಗೆ. ನನ್ನ ಕಂಡ್ರೇ ಅದಕ್ಕೆ ಸೊಟ್ಟ ಮೂತಿ" ಎಂದ ಮೈದುನ.

"ಮೊಬೈಲ್ ನೋಡ್ಕೊಂಡು ಓಡಿಸಿದ್ರೆ ಇನ್ನೇನಾಗುತ್ತೆ" ಎಂದರು ನನ್ನವರು. ಮೈದುನ ಮುಖ ಸಣ್ಣದು ಮಾಡಿಕೊಂಡ. ಕೆಲಸದ ಹೊತ್ತಿನಲ್ಲಿ ಅವನ ಮೊಬೈಲು ನನ್ನ ಬಳಿಯೇ ಇರುತ್ತದೆ. ಅದು ನನ್ನವರಿಗೂ ಗೊತ್ತು.

ನಾಡಿದ್ದಿನಿಂದ ಚರಂಡಿ ಪೈಪಿನ ಕೆಲಸವಿತ್ತು. ಪೈಪ್ ಜೋಡಿಸುವವರು ತೋಡಿದ ಗುಂಡಿಯೊಳಗೆ ನಿಂತಿರುತ್ತಾರೆ. ಅಣ್ಣತಮ್ಮ ಸರದಿಯ ಮೇಲೆ ಅದರ ಅಂಚಿನಲ್ಲೇ ಮಣ್ಣು ಹೊತ್ತು ಓಡಾಡಬೇಕು. ಗಾಡಿ ಒಂದು ಮೊಳ ಅತ್ತಿತ್ತ ಹೋದರೂ ಆ ಮಣ್ಣೆಲ್ಲ ಅವರ ತಲೆಯ ಮೇಲೆ. ನಾನು ಮರುದಿನ ಬೆಳಿಗ್ಗೆಯೇ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ.

ಅವನು ಬಿಚ್ಚುವುದು, ನಾನು ಗಾಡಿಯ ಪುಸ್ತಕದಲ್ಲಿ ಮುಂದೇನಿದೆ ಎಂದು ಓದಿ ಹೇಳುವುದು. ಮೊದಲು ಟ್ರ್ಯಾಕಿನ ಬಿಗಿ ನೋಡಿದೆವು. ಒಂದು ಪಕ್ಕ ಬಿಗಿಯಾಗಿದ್ದರೆ ಗಾಡಿ ಆ ಕಡೆಗೆ ಎಳೆಯುತ್ತದಂತೆ. ಎರಡೂ ಸಮ ಇದ್ದವು. ಎಣ್ಣೆ ಇರಬೇಕಾದ ಮಟ್ಟದಲ್ಲೇ ಇತ್ತು. ಆಮೇಲೆ ಮೇಲಿನ ಪಂಪಿನಿಂದ ಟ್ರ್ಯಾಕುಗಳಿಗೆ ಎಣ್ಣೆ ಹರಿಯುವ ಪೈಪುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿದ. ಗಾಡಿ ಈಗ ಎಡಕ್ಕೆ ಎಳೆಯಿತು.

"ಹಾಗಾದ್ರೆ ಕೆಳಗೆಲ್ಲ ಸರಿ ಇದೆ, ತೊಂದರೆ ಮೇಲಿದೆ. ಪಂಪು ಅಕ್ಕಾ, ಪಂಪೇ ಹೋಗಿದೆ" ಎಂದು ಮೆಕ್ಯಾನಿಕ್ ಪೈಪುಗಳನ್ನು ಮೊದಲಿನಂತೆ ಕೂರಿಸಿದ. "ಬಿಚ್ಚಲೇಬೇಕು. ನಾಳೆ ಕೆಲಸ ಮರೆತುಬಿಡಿ."

"ಪಂಪಿಗೆ ಮುಂಚೆ ಲಿವರಿನ ಬೋಲ್ಟ್ ನೋಡಿ ಅಂತ ಬರೆದಿದೆ ಇಲ್ಲಿ."

"ಅದು ಫ್ಯಾಕ್ಟರೀಲಿ ಕೂರಿಸಿ ಕಳಿಸಿರ್ತಾರೆ. ಅದನ್ನ ಯಾವ ಪುಣ್ಯಾತ್ಮ ಮುಟ್ತಾನೆ? ಮೊದ್ಲು ಹೊಟ್ಟೆಗೇನಾದ್ರೂ ಹಾಕ್ಕೊಂಡು ಬರ್ತೀವಿ, ಹಸಿವಲ್ಲಿ ನನ್ನ ಪಂಪೂ ನಿಂತುಹೋಗಿದೆ."

ಮೈದುನನನ್ನು ಕರೆದುಕೊಂಡು ಅವನು ಊಟಕ್ಕೆ ಹೋದ. ಶೆಡ್ಡಿನ ಮೆಟ್ಟಿಲ ಮೇಲೆ ನನ್ನವರು ಬೆಳಿಗ್ಗೆಯಿಂದ ಕೂತೇ ಇದ್ದರು. ಎಡಗೈ ಜೇಬಿನಲ್ಲಿತ್ತು. ಈಚೆಗೆ ಲೋಟ ಹಿಡಿಯುವುದು, ಬಾಗಿಲು ತೆಗೆಯುವುದು ಎಲ್ಲ ಬಲಗೈಯಲ್ಲೇ. ಗುಂಡಿ ಇರುವ ಅಂಗಿಗಳು ಕಪಾಟಿನಲ್ಲಿ ಮಡಚಿಟ್ಟಲ್ಲೇ ಉಳಿದಿದ್ದವು. ಇವನ್ನೆಲ್ಲ ನಾನು ನೋಡಿರಲಿಲ್ಲವೆಂದಲ್ಲ. ಒಂದೊಂದನ್ನೇ ನೋಡಿದ್ದೆ, ಸೇರಿಸಿ ನೋಡುವುದಕ್ಕೆ ಹೆದರಿದ್ದೆ.

ಇಂಜಿನ್ ನಿಂತಿದೆಯೇ ಎಂದು ಮತ್ತೊಮ್ಮೆ ನೋಡಿ ಗಾಡಿ ಹತ್ತಿದೆ. ಲಿವರುಗಳ ಬುಡದಲ್ಲಿದ್ದ ರಬ್ಬರ್ ಮುಚ್ಚಳ ಎತ್ತಿದೆ. ಲಿವರು ಎಷ್ಟು ಮುಂದೆ ಹೋಗಬಹುದೆಂದು ತಡೆಯುವ ಬೋಲ್ಟು ಎರಡು ಕಡೆಯೂ ಒಂದೊಂದಿದೆ. ಎಡಗಡೆಯದರ ಮೇಲೆ ಬಣ್ಣ, ಅದರ ಮೇಲೆ ಧೂಳು. ಬಲಗಡೆಯದು ಲಿವರಿನ ಕಡೆಗೆ ಚಾಚಿಕೊಂಡಿತ್ತು. ನಟ್ಟಿನ ಬಣ್ಣ ಕಿತ್ತುಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಬಲ ಲಿವರು ಪೂರ್ತಿ ಹೋಗದಂತೆ ಯಾರೋ ತಡೆದಿದ್ದರು, ಪೂರ್ತಿ ತಳ್ಳಲಾಗದ ಎಡಗೈಗೆ ಸರಿಸಮವಾಗುವ ಹಾಗೆ.

ಕೆಳಗಿಳಿದು ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳನ್ನು ಕೆದಕಿದೆ. ಯಾವುದು ಹಿಡಿಯುತ್ತದೋ ತಿಳಿಯಲಿಲ್ಲ.

"ಹದಿಮೂರರದು ತಗೋ" ಎಂದರು ನನ್ನವರು, ಮೆಟ್ಟಿಲಿಂದ ಏಳದೆ.

ನಾನು ತಿರುಗಿ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಯಾವಾಗಿಂದ ರೀ?"

"ಚಳಿ ಬಿಟ್ಟ ಮೇಲೆ. ಜೋಮು ಹಿಡಿದ ಹಾಗೆ ಇರುತ್ತೆ. ಹೋಗುತ್ತೆ ಅಂದ್ಕೊಂಡೆ."

"ತಮ್ಮನ ಮೇಲೆ ಹಾಕಿದ್ರಲ್ಲ."

"ಹಾಕಿದೆ. ಏನ್ ಮಾಡ್ಲಿ? ಆ ಸೀಟು ಬಿಟ್ರೆ ನನಗೆ ಬೇರೆ ಏನ್ ಬರುತ್ತೆ ಹೇಳು."

ಬೋಲ್ಟನ್ನು ಹೀಗೇ ಬಿಟ್ಟರೆ ನಾಳೆ ಮೈದುನ ಗುಂಡಿಗೆ ಉರುಳುತ್ತಾನೆ. ಸರಿ ಮಾಡಿದರೆ ಇವರು ಉರುಳುತ್ತಾರೆ, ಇಲ್ಲವೆ ಸೀಟು ಬಿಡಬೇಕು. ಗುಂಡಿಯೊಳಗಿನವರನ್ನು ನೆನೆದೆ. ಮತ್ತೆ ಗಾಡಿ ಹತ್ತಿದೆ. ಬೋಲ್ಟಿನ ಮೇಲೆ ಹಳೆಯ ಬಣ್ಣದ ಗೆರೆ ಇನ್ನೂ ಇತ್ತು. ನಟ್ಟು ಸಡಿಲಿಸಿ, ಆ ಗೆರೆಯವರೆಗೆ ಬೋಲ್ಟನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ನಟ್ಟು ಬಿಗಿ ಮಾಡಿದೆ. ನನ್ನವರು ಬಲಗೈಯಲ್ಲಿ ಗ್ರೀಸ್ ಡಬ್ಬ ತಂದು ಕೊಟ್ಟರು. ಹೊಳೆಯುವ ಜಾಗಕ್ಕೆಲ್ಲ ಗ್ರೀಸ್ ಬಳಿದು ರಬ್ಬರ್ ಮುಚ್ಚಿದೆ.

"ನಾಳೆ ಡಾಕ್ಟರ ಹತ್ರ ಹೋಗೋಣ. ಇದೊಂದಕ್ಕೆ ಇಲ್ಲ ಅನ್ನಬೇಡಿ."

"ಹೂಂ" ಎಂದರು.

ಊಟ ಮುಗಿಸಿ ಬಂದ ಮೆಕ್ಯಾನಿಕ್, ಪಂಪ್ ಬಿಚ್ಚುವ ಮುಂಚೆ ಇನ್ನೊಮ್ಮೆ ನೋಡೋಣವೆಂದು ಮೈದುನನನ್ನು ಹತ್ತಿಸಿದ. ಗಾಡಿ ಅಂಗಳದ ಆ ತುದಿಗೆ ನೇರ ಹೋಗಿ ನೇರ ವಾಪಸು ಬಂತು.

"ನೋಡಿದ್ರಾ! ಪೈಪಲ್ಲಿ ಗಾಳಿ ಸಿಕ್ಕಿತ್ತು. ಬಿಚ್ಚಿ ಹಾಕಿದ್ದಕ್ಕೇ ಹೋಯ್ತು" ಎಂದು ಮೆಕ್ಯಾನಿಕ್ ತೊಡೆ ತಟ್ಟಿದ. "ಈ ಕೈ ಮುಟ್ಟಿದ್ರೆ ಸಾಕು ಅಕ್ಕಾ."

"ನಾನು ಹೇಳ್ಲಿಲ್ವಾ, ನನ್ನ ತಪ್ಪಲ್ಲ ಅಂತ?" ಮೈದುನ ಹಿಗ್ಗಿಹೋಗಿದ್ದ. "ಅಣ್ಣ, ನೀನೂ ಒಂದು ಸುತ್ತು ಹೊಡಿ ಬಾ."

"ನಿನ್ನ ತಪ್ಪಲ್ಲ ಬಿಡೋ" ಎಂದರು ನನ್ನವರು. "ಇನ್ಮೇಲೆ ನೀನೇ ಕೂತ್ಕೋ. ನನಗೆ ಸೊಂಟ ಹಿಡ್ಕೊಂಡಿದೆ."

"ಸೊಂಟವಾ? ಬೆಳಿಗ್ಗೆ ಸರಿ ಇದ್ಯಲ್ಲ!" ಮೈದುನ ನನ್ನ ಕಡೆ ತಿರುಗಿದ. "ಏನತ್ತಿಗೆ, ನಿಜವಾ?"

ನನ್ನವರು ನನ್ನತ್ತ ನೋಡಲಿಲ್ಲ. ಕೈ ಮತ್ತೆ ಜೇಬಿಗೆ ಹೋಗಿತ್ತು. ಕೈಯ ವಿಷಯ ಡಾಕ್ಟರಿಗೆ ಹೇಳಬೇಕು, ಹೇಳುತ್ತೇನೆ. ಬೋಲ್ಟಿನ ವಿಷಯ ಯಾರಿಗೂ ಹೇಳುವುದಿಲ್ಲ.

"ಹೌದು, ರಾತ್ರಿಯೆಲ್ಲ ನರಳ್ತಿದ್ರು" ಎಂದೆ, ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲಿಡುತ್ತ.