ಮಾಂಸದ ತೂಕದ ಬೆಳ್ಳುಳ್ಳಿ

ಅತ್ತೆ ಜೊಮ್ರೆಯ ಕೈ ಈ ಚಳಿಗಾಲದಲ್ಲಿ ನಡುಗತೊಡಗಿತು. ಹಾಗಾಗಿ ಇನ್ಸುಕ್‌ಗೆ ಮೊದಲ ಸಲ ಕಿಮ್ಚಿಯ, ಅಂದರೆ ಚಳಿಗಾಲಕ್ಕೆಂದು ಹಾಕಿಡುವ ಕೋಸಿನ ಉಪ್ಪಿನಕಾಯಿಯ, ಮಸಾಲೆ ಕಲಸುವ ಅಧಿಕಾರ ಸಿಕ್ಕಿತು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಅವಳ ಪಾಲಿಗೆ ಬಂದಿದ್ದು ಕೋಸು ತೊಳೆಯುವ ಕೆಲಸವೊಂದೇ. ಮಸಾಲೆ ಕೆಟ್ಟರೆ ನಾಲ್ಕು ಮನೆಯವರು ವಸಂತದವರೆಗೂ ಅದನ್ನೇ ತಿನ್ನಬೇಕು, ಅವಳನ್ನು ಇನ್ನು ಯಾರೂ ಮಸಾಲೆಯ ಹತ್ತಿರ ಸೇರಿಸುವುದಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಅಳತೆಯನ್ನು ಹಳೆಯ ಕಾಲದ ತೂಕದಲ್ಲಿ ಬಾಯಲ್ಲೇ ಹೇಳಿದ್ದಳು: ನಲವತ್ತು ಕೋಸಿಗೆ ಮೆಣಸಿನಪುಡಿ ಏಳು ಗೆನ್, ಬೆಳ್ಳುಳ್ಳಿ ಐದು ಗೆನ್. ಮನೆಯ ತಕ್ಕಡಿಗೋ ಕಿಲೋ ಬಿಟ್ಟರೆ ಬೇರೆ ಭಾಷೆ ಬಾರದು. ಇನ್ಸುಕ್ ಕಟುಕನ ಮಗಳು. ಅಪ್ಪನ ಅಂಗಡಿಯಲ್ಲಿ ಗೆನ್ ಎಂದರೆ ಆರುನೂರು ಗ್ರಾಂ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಷ್ಟೇ ಹೇಳುವವಳು. ಮೂರು ಕಿಲೋ ಬೆಳ್ಳುಳ್ಳಿ ಅರೆದು ಸುರಿದು, ಕಲಸಿಯೂ ಬಿಟ್ಟಳು.

ಬೆಳಗಿನ ಬಸ್ಸಿಗೆ ಗ್ವಾಂಗ್‌ಜುವಿನಿಂದ ಬಂದ ಗಂಡನ ಅಕ್ಕ ಕುಮ್ಜಾ, ಕೋಟು ಕಳಚುವ ಮೊದಲೇ ಬೆರಳದ್ದಿ ನೆಕ್ಕಿದಳು.

"ಅಯ್ಯಯ್ಯೋ, ನಾಲಿಗೆ ಸುಟ್ಟೋಯ್ತು! ಬೆಳ್ಳುಳ್ಳಿ ಎಷ್ಟು ಹಾಕ್ದೆ?"

"ಐದು ಗೆನ್ ಅಕ್ಕಾ. ಮೂರು ಕಿಲೋ."

"ಮೂರಾ? ಲೇ, ಎರಡು ಕಣೇ! ಮಾಂಸಕ್ಕೆ, ಒಣಮೆಣಸಿಗೆ ಗೆನ್ ಅಂದ್ರೆ ಆರುನೂರು. ತರಕಾರಿಗೆ ನಾನೂರು. ಬೆಳ್ಳುಳ್ಳಿ ಏನು ನಾಲ್ಕು ಕಾಲಲ್ಲಿ ಓಡಾಡುತ್ತಾ? ಕಟುಕನ ಮಗಳಿಗೆ ಕಂಡಿದ್ದೆಲ್ಲ ಮಾಂಸಾನೇ!"

ಇನ್ಸುಕ್ ಮಸಾಲೆಯ ಪಾತ್ರೆಯತ್ತ ನೋಡಿದಳು. ಒಂದು ಕಿಲೋ ಹೆಚ್ಚು! ಬೆರೆತುಹೋದ ಬೆಳ್ಳುಳ್ಳಿಯನ್ನು ಹೆಕ್ಕಿ ತೆಗೆಯಲಾದೀತೇ? ಅಪ್ಪನ ಹೆಸರನ್ನೂ ಎಳೆದು ತಂದಿದ್ದರಿಂದ ಅವಳಿಗೆ ಇನ್ನಷ್ಟು ನೋವಾಯಿತು.

ಒಳಗೆ ಬೆಚ್ಚಗಿನ ನೆಲದ ಮೇಲೆ ಕಂಬಳಿ ಹೊದ್ದು ಕೂತಿದ್ದ ಅತ್ತೆ, "ಏನೇ ಅದು ಗಲಾಟೆ? ಇಲ್ಲಿ ತಾ, ನೋಡೋಣ" ಎಂದಳು. ಇನ್ಸುಕ್ ಕೋಸಿನ ಎಳೆ ಎಲೆಯಲ್ಲಿ ಮಸಾಲೆ ಸುತ್ತಿ ಅವಳ ಬಾಯಿಗಿಟ್ಟಳು. ಮುದುಕಿ ಅಗಿದಳು. ಕಣ್ಣಲ್ಲಿ ನೀರು ಬಂತು, ಮೂಗೂ ಸೋರಿತು. ತನ್ನ ಕಥೆ ಮುಗಿಯಿತು ಎಂದುಕೊಂಡಳು ಇನ್ಸುಕ್.

"ನಾನೇ ಹೇಳಿದ್ದು," ಎಂದಳು ಅತ್ತೆ, "ಮಾಂಸದ ಗೆನ್‌ನಲ್ಲೇ ತೂಗು ಅಂತ."

"ಸುಳ್ಳು!" ಕುಮ್ಜಾ ಕಿರುಚಿದಳು. "ಬೆಳ್ಳುಳ್ಳೀನ ಮಾಂಸದ ಲೆಕ್ಕದಲ್ಲಿ ಯಾರಮ್ಮಾ ತೂಗ್ತಾರೆ? ನಮ್ಮನೇಲಿ ಯಾವಾಗಿಂದ ಇದು?"

"ಇವತ್ತಿಂದ."

ಅರವತ್ತು ವರ್ಷ ತನ್ನ ಕೈರುಚಿಯನ್ನು ಸ್ವಂತ ಮಗಳಿಗೂ ಬಿಟ್ಟುಕೊಡದ ಹೆಂಗಸು ಒಂದೇ ಮಾತಿನಲ್ಲಿ ಅದನ್ನು ಸೊಸೆಯ ತಪ್ಪಿಗೆ ಹೊಂದಿಸಿಬಿಟ್ಟಿದ್ದಳು. ಇನ್ಸುಕ್‌ಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ಅಳೋದೇನೇ ಇದಕ್ಕೆ?" ಅತ್ತೆ ಗದರಿದಳು. "ಮೂಲಂಗಿ ಇನ್ನಷ್ಟು ತುರಿದು ಹಾಕು, ಘಾಟು ಇಳಿಯುತ್ತೆ. ಅದಕ್ಕೆ ಮುಂಚೆ ನಂಗೆ ಇನ್ನೊಂದು ತುತ್ತು ಕೊಡು."