ಪಾದ ಬಿಗಿ ಹಿಡಿ

ಟಪ್, ಬಚ್ಚಲಿನ ತಂತಿಯಿಂದ ಬಕೆಟ್ಟಿಗೆ ಮತ್ತೊಂದು ಹನಿ, ನಂಜನಗೂಡು ಪೂರ್ತಿ ಮಲಗಿರುವ ಈ ಹೊತ್ತಿನಲ್ಲಿ ನಯನಳ ಟ್ರ್ಯಾಕ್ ಪ್ಯಾಂಟ್ ಮಾತ್ರ ಸೋರುತ್ತಿದೆ, ಬೆಳಿಗ್ಗೆಯಿಂದ ಮೂರು ಸಲ ಒಗೆದಿದ್ದಾಳೆ, ಹೊಳೆಯ ಪಾಚಿ ವಾಸನೆ ಹೋಗಿಲ್ಲ, ಇಲ್ಲ, ಹೋಗಿದೆ, ಮೂಗಿನಲ್ಲಿ ಉಳಿದುಕೊಂಡಿದೆ — ಮೊಣಕಾಲ ಕೆಳಗೆ ಎಲುಬು ನೋಯುತ್ತಿದ್ದರೆ ಓಡಬೇಡಿ, ಕಪಿಲೆಗಿಳಿದು ಈಜಿ, ಕಾಲಿಗೆ ಭಾರ ಬೀಳಲ್ಲ, ದಮ್ಮು ಹಾಗೇ ಉಳಿಯುತ್ತೆ ಅಂದವರು ಕೋಚ್ ಶಿವಮೂರ್ತಿ ಸರ್, ಹೋದ ವರ್ಷ ನಯನಳಿಗೆ ತಾವೇ ಕಲಿಸಿದ್ದರು, ಈ ವರ್ಷ ಕವನಂಗೆ ನೀನೇ ಕಲಿಸಮ್ಮ, ಸೀನಿಯರ್ ಅಲ್ವಾ ನೀನು, ಅಂದಿದ್ದರು. ಚಿಕ್ಕಯ್ಯನಛತ್ರದ ಕವನ, ಹತ್ತೊಂಬತ್ತು ವರ್ಷ, ಎಂಟುನೂರು ಮೀಟರಿನಲ್ಲಿ ನಯನಳಿಗಿಂತ ನಾಲ್ಕು ಸೆಕೆಂಡು ಮುಂದೆ, ಭಾನುವಾರ ತಿ. ನರಸೀಪುರದಲ್ಲಿ ತಂಡಕ್ಕೆ ಆಯ್ಕೆ, ತೆಗೆದುಕೊಳ್ಳುವುದು ಒಬ್ಬಳನ್ನೇ, ನಯನಳಿಗೆ ಇಪ್ಪತ್ತಾರು, ಇನ್ನೊಂದು ಭಾನುವಾರ ಇಲ್ಲ. ಇವತ್ತು ಕಲಿಕೆಯ ನಾಲ್ಕನೇ ದಿನ, ತೇಲಲು ಬಂದಿತ್ತು ಅವಳಿಗೆ, ಅಕ್ಕ, ಒದಿಯುವಾಗ ಪಾದ ಎಂಗಿಡ್ಲಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೇಳಿದ್ದಳು — ಸಡಿಲ ಬಿಡಬೇಕು, ಓಡುವವರಿಗೆ ಅದೊಂದೇ ಬರುವುದಿಲ್ಲ, ಪಾದ ಬಿಗಿ ಹಿಡಿದು ಮಂಡಿಯಿಂದ ಒದೆಯುತ್ತಾರೆ, ಮೀನಖಂಡ ಕಲ್ಲಾಗುತ್ತದೆ, ನಯನಳಿಗೇ ಹಾಗಾಗಿ ಸರ್ ಜಡೆ ಹಿಡಿದು ಎಳೆದು ತಂದಿದ್ದರು, ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಪಾದ ಬಿಗಿ ಹಿಡಿ ಕಣೆ, ಓಡೋ ಥರಾನೇ ಒದಿ, ಆ ಬಂಡೆ ಮುಟ್ಟಿ ಬಾ, ಅಂದಳು ನಯನ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಚನ್ನಾಜಮ್ಮ ನಕ್ಕಿದ್ದಳು, ಓಡೋದ ಕಲಿಯಾಕೆ ನೀರ್ಗಿಳಿದವ್ರೆ, ನಾಳೆ ಮರ ಅತ್ತೋದ ಕಲಿಯಾಕೆ ಬಾವಿಗ್ ಬೀಳ್ತೀರೇನ್ರವ್ವಾ. ಅವಳು ಬುಟ್ಟಿ ಎತ್ತಿಕೊಂಡು ಹೋದಳು, ಮೆಟ್ಟಿಲ ಮೇಲೆ ಬೇರೆ ಯಾರೂ ಇಲ್ಲ, ಆಗ ಬಂಡೆಗೆ ಈಚೆ ಒಂದು ಕೈ ಮೇಲೆ ಬಂತು, ಮಣಿಕಟ್ಟಿನಲ್ಲಿ ಹಳದಿ ರಬ್ಬರ್ ಬ್ಯಾಂಡು, ಐದೂ ಬೆರಳು ಬಿಡಿಸಿ, ಮೈದಾನದಲ್ಲಿ ನಯನ ಹಾಜರಿ ಕೂಗಿದಾಗ ಕವನ ಎತ್ತುತ್ತಾಳಲ್ಲ, ಹಾಗೆ. ಒಂದು, ಎರಡು, ನಯನ ಎಣಿಸುತ್ತಿದ್ದಾಳೆ, ಒಂಬತ್ತಕ್ಕೆ ಧುಮುಕಿದಳು, ಯಾಕೆ ಒಂಬತ್ತು, ಎಂಟಕ್ಕೆ ಕೈ ಮುಳುಗಿತ್ತು.

ಕವನಳ ಮೀನಖಂಡ ಹರಿದಿದೆಯಂತೆ, ಆರು ವಾರ ಕಾಲೂರುವ ಹಾಗಿಲ್ಲವಂತೆ, ಸಂಜೆ ಅವಳ ಅವ್ವ ಪುಟ್ಟಮಾದಮ್ಮ ಫೋನಿನಲ್ಲಿ ಅತ್ತಳು, ನೀ ಇಲ್ದಿದ್ರೆ ನನ್ ಕೂಸು ಉಳೀತಿರ್ನಿಲ್ಲ ಕಣವ್ವ, ಭಾನ್ವಾರ ನೀ ಓಡೋದ ನೋಡಾಕೆ ನಾನೇ ಬತ್ತೀನಿ, ಆಮೇಲೆ ಫೋನು ಕವನಳ ಕೈಗೆ, ಅಕ್ಕ, ನೀವ್ ಏಳ್ದಂಗೆ ಒದಿಯಕ್ಕೆ ಬರ್ಲಿಲ್ಲ ನಂಗೆ, ಸಾರಿ ಅಕ್ಕ. ಪರವಾಗಿಲ್ಲ ಬಿಡೆ — ಅಂದೇಬಿಟ್ಟಳಲ್ಲ ನಯನ, ಎಷ್ಟು ಸಲೀಸಾಗಿ. ಟಪ್. ಹೇಳುವುದಿಲ್ಲ, ಸರ್‌ಗೂ ಇಲ್ಲ, ಅಮ್ಮನಿಗೂ ಇಲ್ಲ, ಯಾರಿಗೂ ಇಲ್ಲ, ಬೆಳಿಗ್ಗೆ ಐದೂವರೆಗೆ ಮೈದಾನ, ಹಾಜರಿಯಲ್ಲಿ ಆ ಒಂದು ಹೆಸರು ಬಿಟ್ಟು ಕೂಗಿದರಾಯಿತು, ಟಪ್, ಬಿಟ್ಟು ಕೂಗಿದರೂ — ಕೈ, ಹಳದಿ ರಬ್ಬರ್ ಬ್ಯಾಂಡು, ಐದು ಬೆರಳು.