ಪಟ್ಟಿಯಲ್ಲಿಲ್ಲದ ಊರು

ಎಂಟು ದಿನಕ್ಕೆ ನಳ ಬಂದಿತ್ತು. ಬೆಟಗೇರಿಯಲ್ಲಿ ನಳ ಬಂದ ಹೊತ್ತಿಗೆ ಹೆಂಗಸರನ್ನು ಯಾರೂ ಮಾತಾಡಿಸಲು ಹೋಗುವುದಿಲ್ಲ. ಎರಡು ಬ್ಯಾರಲ್ ತುಂಬಿ, ಹಂಡೆಗೆ ಮೂರನೆಯ ಕೊಡ ಬಗ್ಗಿಸುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿದರೆ ಮಗಳು ರುಹಿ.

“ಏನವಾ?”

ಬಾಯಿ ತೆರೆದಳು. ತುಟಿ ಬಿಗಿಯಾಯಿತು, ಗದ್ದ ಸಣ್ಣಗೆ ನಡುಗಿತು, ಮಾತು ಬರಲಿಲ್ಲ.

“ಹಸಿವಿ ಆಗೇತಿ?” ಇಲ್ಲವೆಂದು ತಲೆ ಅಲ್ಲಾಡಿಸಿದಳು. “ಅಪ್ಪ ಏನರ ಬೇಡಿ ಕಳಿಸ್ಯಾನು? ಬೆಕ್ಕು ಹಾಲಿಗೆ ಬಾಯಿ ಹಾಕ್ತು? ಕಂಪ್ಯೂಟರ್?”

ಹೂಂ ಎಂದು ತಲೆ ಹಾಕಿದಳು. ನಮ್ಮಿಬ್ಬರ ಮಾತು ಹೀಗೇ ನಡೆಯುತ್ತಿತ್ತು. ನಾನು ಒಂದೊಂದಾಗಿ ಹೇಳುತ್ತ ಹೋಗುವುದು, ಸರಿಯಾದದ್ದು ಬಂದಾಗ ಅವಳು ತಲೆ ಹಾಕುವುದು. ನನಗೆ ಅದರಲ್ಲಿ ಬೇಸರವಿರಲಿಲ್ಲ. ನನ್ನಷ್ಟು ತಾಳ್ಮೆಯ ತಾಯಿ ಓಣಿಯಲ್ಲಿ ಇನ್ನೊಬ್ಬಳಿಲ್ಲ ಎಂದು ಒಳಗೊಳಗೇ ತಿಳಿದುಕೊಂಡಿದ್ದೆ.

ಕೊಡ ಕೆಳಗಿಟ್ಟಿದ್ದನ್ನು ಅತ್ತೆ ಗುಲಾಬಬಿ ಕಟ್ಟೆಯ ಮೇಲಿಂದ ನೋಡಿದರು.

“ನೀರು ಬಿಟ್ಟು ಎಲ್ಲಿ ಹೊಂಟಿ? ಮಗಳು ಕರದ್ಲಂತ ನಳ ನಿಂತಕೊಂಡು ಕಾಯ್ತೈತೇನು?”

“ಎರಡು ಕೊಡ ನೀವು ಹಿಡೀರಿ ಅತ್ತಿ. ಇಕಿಗೆ ಹನ್ನೊಂದಕ್ಕ ಕೆಲಸ ಐತಿ.”

“ಹನ್ನೊಂದಕ್ಕ ಕೆಲಸ! ತಹಶೀಲ್ದಾರ ಆಗ್ಯಾಳೇನು?” ಎನ್ನುತ್ತಲೇ ಸೀರೆ ಮೇಲೆತ್ತಿ ಕಟ್ಟಿಕೊಂಡು ಇಳಿದು ಬಂದರು.

ಆ ಕೆಲಸವೆಂದರೆ ಅನೀಸ. ರುಹಿ ಮತ್ತು ಅನೀಸ ಒಂದನೆಯ ಇಯತ್ತೆಯಿಂದ ಒಂದೇ ಬೆಂಚು. ರುಹಿಯ ಮಾತು ಸಣ್ಣವಳಿದ್ದಾಗಿನಿಂದಲೂ ತಡವರಿಸುತ್ತಿತ್ತು. ಅತ್ತೆ ಬಜೆ ತೇಯ್ದು ನಾಲಿಗೆಗೆ ತಿಕ್ಕಿದರು, ದರ್ಗಾದ ಸಕ್ಕರೆ ತಿನ್ನಿಸಿದರು; ಹುಬ್ಬಳ್ಳಿಯ ಡಾಕ್ಟರು, ಬಾಯಲ್ಲಿ ಏನೂ ದೋಷವಿಲ್ಲ, ಅವಸರ ಮಾಡಿಸಬೇಡಿ ಎಂದರು. ಅನೀಸಳ ಜೊತೆ ಮಾತ್ರ ಹೇಗೋ ಎಲ್ಲ ಹೇಳುತ್ತಿದ್ದಳು. ಆ ಹುಡುಗಿ ಏನೂ ವಿಶೇಷ ಮಾಡುತ್ತಿರಲಿಲ್ಲ. ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ರುಹಿಯ ಮಾತು ಸಿಕ್ಕಿಕೊಂಡರೆ ಇನ್ನೆರಡು ಶೇಂಗಾ ಸುಲಿಯುತ್ತಿದ್ದಳು, ಅಷ್ಟೆ.

ಮೇ ತಿಂಗಳಲ್ಲಿ ಅನೀಸಳ ತಂದೆಗೆ ರಾಯಚೂರಿಗೆ ವರ್ಗವಾಯಿತು. ಜೂನ್‌ನಲ್ಲಿ ಶಾಲೆ ಶುರುವಾದ ಮೂರನೆಯ ದಿನ ಹಾಜರಿ ಕರೆದಾಗ ರುಹಿಗೆ ‘ಹಾಜರ್’ ಎನ್ನಲು ಆಗಲಿಲ್ಲ. ನಿಂತೇ ಇದ್ದಳಂತೆ. ಹಿಂದಿನ ಬೆಂಚಿನವರು ನಕ್ಕರು. ಪಾಠ ಹೇಳುವ ಬಾಯಿಯವರು ಒಳ್ಳೆಯವರು, “ಇರಲಿ, ನೀ ಕೈ ಎತ್ತಿದ್ರ ಸಾಕು” ಎಂದರು. ಅಂದಿನಿಂದ ಕೈ ಎತ್ತುವುದೇ ಆಯಿತು. ಈಗ ಅಕ್ಟೋಬರ್. ಮನೆಯ ಹೊಸ್ತಿಲಾಚೆ ನನ್ನ ಮಗಳು ಒಂದು ಶಬ್ದವನ್ನೂ ಆಡದೆ ನಾಲ್ಕು ತಿಂಗಳು ದಾಟಿದ್ದವು. ಮನೆಯೊಳಗಿನ ಮಾತೂ ಕಡಿಮೆಯಾಗುತ್ತ ಬಂದಿತ್ತು.

ದಸರಾ ರಜೆಯಲ್ಲಿ ಅನೀಸಳಿಂದ ಕಾಗದ ಬಂತು. ‘ಶನಿವಾರ ಹನ್ನೊಂದಕ್ಕ ಅಪ್ಪನ ಆಫೀಸಿನಾಗ ಕಂಪ್ಯೂಟರ್ ಮುಂದ ಕುಂಡ್ರಾಕ ಬಿಡ್ತಾರ. ನಿಮ್ಮ ಮಾಮಾ ನಿಮಗೂ ಕಂಪ್ಯೂಟರ್ ಕೊಟ್ಟಾರಲ್ಲ, ನೀನೂ ಬಾ. ಇಬ್ಬರೂ ಬರದು ಬರದು ಮಾತಾಡೂಣು’ ಎಂದಿತ್ತು. ಮೊನ್ನೆ ಎರಡನೆಯ ಕಾಗದ: ‘ಒಂದು ತಾಸು ಕಾದೆ, ನೀ ಬರಲಿಲ್ಲ. ಈ ಶನಿವಾರ ಕಡೀದು. ಆಮ್ಯಾಲೆ ಶಾಲಿ ಚಾಲೂ ಆಗ್ತಾವ.’

ಇಂದು ಆ ಶನಿವಾರ.

ಕಂಪ್ಯೂಟರ್ ನನ್ನ ತಮ್ಮ ಶಫೀಕ ತಂದದ್ದು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ಕಡೆ ಅವನಿಗೆ ಕೆಲಸ. ಅಲ್ಲಿ ಹೊಸವು ಬಂದಾಗ ಹಳೆಯದೊಂದನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದಿದ್ದ. “ಗಾದಿ ಹೊಲಿಯೋರ ಮನ್ಯಾಗ ಇದೇನು ಮಾಡ್ತೈತಲೇ?” ಎಂದು ನಗೆಯಾಡಿದ ನನ್ನ ಗಂಡ ಮರ್ದಾನಸಾಬರೇ ಆಮೇಲೆ ಉಳಿದ ಗಾದಿ ಬಟ್ಟೆಯಲ್ಲಿ ಅದಕ್ಕೆ ಕುಂಚಿಗೆ ಹೊಲಿದರು. ಶಫೀಕ ಇಂಟರ್ನೆಟ್ಟಿನ ಪೆಟ್ಟಿಗೆಯೊಂದನ್ನೂ ಕೊಟ್ಟಿದ್ದ. ಅದರಲ್ಲಿ ಕಂಪನಿಯ ಸಿಡಿ, ನಮ್ಮ ಹೆಸರು ಮತ್ತು ಗುಟ್ಟಿನ ಅಕ್ಷರಗಳ ಚೀಟಿ ಇದ್ದವು. “ಸಿಡಿ ಹಾಕ್ರಿ, ಎಲ್ಲಾ ಅದ ಮಾಡ್ತೈತಿ” ಎಂದು ಹೇಳಿ ಹೋಗಿದ್ದ. ಪರೀಕ್ಷೆಗಳ ಗದ್ದಲದಲ್ಲಿ ಹದಿನೈದು ದಿನದಿಂದ ಬಂದಿರಲಿಲ್ಲ.

ಒದ್ದೆ ಕೈ ಒರೆಸಿಕೊಂಡು ಅವಳ ಪಕ್ಕ ಕುಳಿತೆ. ಸಿಡಿ ತಿರುಗಿತು. ಕಂಪನಿಯ ಬಣ್ಣದ ಚಿತ್ರ ಬಂತು, ‘ನಿಮ್ಮ ಊರು ಆರಿಸಿ’ ಎಂದು ಇಂಗ್ಲಿಷಿನಲ್ಲಿ ಕೇಳಿತು. ಕೆಳಗೆ ಉದ್ದ ಪಟ್ಟಿ. ರುಹಿ ಬೆರಳಿಟ್ಟು ತೋರಿಸಿದಳು. ಬೆಳಗಾವಿ ಇತ್ತು, ವಿಜಾಪುರ, ಧಾರವಾಡ, ಹುಬ್ಬಳ್ಳಿ ಇದ್ದವು. ನಮ್ಮ ಬೆಟಗೇರಿ ಸೇರಿದ ಗದಗ ಇರಲಿಲ್ಲ. ಬರೆದು ಸೇರಿಸೋಣವೆಂದರೆ ಬರೆಯಲು ಜಾಗವಿಲ್ಲ. ಅವರು ಕೊಟ್ಟದ್ದರಲ್ಲೇ ಒಂದಕ್ಕೆ ಹೂಂ ಅನ್ನಬೇಕು.

ಕೊಡ ಹೊತ್ತು ಒಳಗೆ ಬಂದ ಅತ್ತೆಗೆ ಹೇಳಿದೆ.

“ನಮ್ಮದು ಜಿಲ್ಲಾ ಆಗಿ ನಾಕ ವರ್ಷ ಆತಲ್ಲ! ನಾಕ ವರ್ಷದ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲೇನು ಅವರು?”

ಫೋನಿನ ವಯರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹುಬ್ಬಳ್ಳಿ ಆರಿಸಿದೆವು. ಕಂಪ್ಯೂಟರಿನ ಹೊಟ್ಟೆಯಲ್ಲಿ ನಂಬರ್ ಒತ್ತುವ ಸದ್ದಾಯಿತು. ಆಮೇಲೆ ಕಿರ್ರೆಂದರೆ ಇಂಟರ್ನೆಟ್ ಹತ್ತಿತು ಎಂದು ಶಫೀಕ ಹೇಳಿದ್ದ; ಕಿರ್ರೆನ್ನಲಿಲ್ಲ. ಗೊಗ್ಗರಾಗಿ ಏನೋ ಗೊಣಗಿತು. ರುಹಿ ನನ್ನತ್ತ ನೋಡಿದಳು. ಈ ಗೊಣಗಾಟಕ್ಕಾಗಿಯೇ ನನ್ನನ್ನು ನಳದಿಂದ ಎಬ್ಬಿಸಿ ತಂದಿದ್ದಳು ಎಂದು ಆಗ ತಿಳಿಯಿತು.

ಕಿವಿ ಹಚ್ಚಿ ಕೇಳಿದೆ. ನನಗೆ ನಗು ಬಂತು. ಮದುವೆಗೆ ಮೊದಲು ಮುಂಡರಗಿಯಲ್ಲಿ ಅಪ್ಪನ ಎಸ್‌ಟಿಡಿ ಬೂತಿನಲ್ಲಿ ನಾಲ್ಕು ವರ್ಷ ಕುಳಿತವಳು ನಾನು. ಆ ದನಿ ನನಗೆ ತೀರಾ ಪರಿಚಯದ್ದು.

“ಕಂಪ್ಯೂಟರ್ ಕೆಟ್ಟಿಲ್ಲವಾ. ಟೆಲಿಫೋನ್ ಆಫೀಸಿನ ಹೆಣ್ಮಗಳು ಮಾತಾಡಾಕ ಹತ್ಯಾಳ. ನೀವು ಹಚ್ಚಿದ ನಂಬರ್ ಇಲ್ಲ ಅಂತಾಳ. ಹುಬ್ಬಳ್ಳಿ ನಂಬರ್ ಇಲ್ಲಿಂದ ಊರ ಕೋಡ್ ಇಲ್ಲದ ಹಂಗ ಹಚ್ಚಿದ್ರ ಹತ್ತೂದಿಲ್ಲ.”

ಅಷ್ಟು ಹೇಳಿದ ಮೇಲೆ ನನಗೇ ಹೊಳೆಯಿತು. ಇದು ಬರೀ ಫೋನ್ ಹಚ್ಚುವ ಕೆಲಸ. ಬಣ್ಣದ ಚಿತ್ರ, ಪಟ್ಟಿ ಎಲ್ಲ ಮೇಲಿನ ಅಲಂಕಾರ. ಒಂದು ನಂಬರ್, ಒಂದು ಹೆಸರು, ಒಂದು ಗುಟ್ಟಿನ ಮಾತು ಇದ್ದರೆ ಬಾಗಿಲು ತೆರೆಯಲೇಬೇಕು.

“ಈ ಸಿಡಿ ಬಿಟ್ಟು ನಾವ ನಂಬರ್ ಬರಿಯೂ ಜಾಗ ಎಲ್ಲೆರ ಐತೇನು ಇದರಾಗ?”

ರುಹಿಯ ಕಣ್ಣು ದೊಡ್ಡದಾಯಿತು. ರಜೆಯಲ್ಲೆಲ್ಲ ಆ ಯಂತ್ರದ ಮೂಲೆ ಮೂಲೆ ತೆರೆದು ನೋಡಿದ್ದಳು. ಸಿಡಿ ಹೊರಗೆ ತೆಗೆದಳು. ಒಂದರೊಳಗೆ ಒಂದು ಕಿಟಕಿ ತೆರೆಯುತ್ತ ಹೋಗಿ, ಹೊಸ ಸಂಪರ್ಕ ಮಾಡಿಕೊಳ್ಳುವ ಜಾಗ ತೋರಿಸಿದಳು. ಅದು ಕಂಪನಿಯದಲ್ಲ, ಕಂಪ್ಯೂಟರಿನದೇ. ಹೆಸರಿಗೆ ಒಂದು ಖಾಲಿ ಮನೆ, ನಂಬರಿಗೆ ಒಂದು ಖಾಲಿ ಮನೆ. ನಂಬರ್ ಮಾತ್ರ ನಮ್ಮಲ್ಲಿರಲಿಲ್ಲ; ಸಿಡಿ ಅದನ್ನು ತೋರಿಸದೆಯೇ ಹಚ್ಚುತ್ತಿತ್ತು.

ನಿಜ ಹೇಳಬೇಕೆಂದರೆ ಆಗ ಒಂದು ಗಳಿಗೆ ಕೈ ಹಿಂದೆಗೆದೆ. ಇಂಟರ್ನೆಟ್ಟೆಂದರೆ ಬಾಯಿ ಬೇಡದ ಜಾಗ. ಅಲ್ಲಿ ಅವಳು ಸರಾಗವಾಗಿ ಬರೆಯುತ್ತ ಕುಳಿತರೆ ಇಲ್ಲಿ ಉಳಿದ ನಾಲ್ಕು ಮಾತೂ ನಿಂತುಹೋದರೆ? ಶಫೀಕ ಬರಲಿ ಎಂದು ಮುಂದಕ್ಕೆ ಹಾಕಬಹುದಿತ್ತು. ಆದರೆ ಅತ್ತ ರಾಯಚೂರಿನಲ್ಲಿ ಒಂದು ಹುಡುಗಿ ಕಾಯುತ್ತ ಕೂಡುತ್ತಾಳೆ. ಇವಳಿಗಾಗಿ ಕಾಯುವವರು ಮನೆಯ ಹೊರಗೆ ಅವಳೊಬ್ಬಳೇ.

ಪೆಟ್ಟಿಗೆಯ ಬೆನ್ನಿಗೆ ಕಂಪನಿಯ ಸಹಾಯದ ನಂಬರಿತ್ತು, ಬಿಲ್ಲು ಬೀಳದ್ದು. ಕಂಪ್ಯೂಟರಿನ ವಯರ್ ಕಿತ್ತು ಫೋನಿಗೆ ಸಿಕ್ಕಿಸಿದೆ. ಬಹಳ ಹೊತ್ತು ಹಾಡು ಕೇಳಿಸಿದ ಮೇಲೆ ಒಬ್ಬ ಹುಡುಗ ಬಂದ, ಬೆಂಗಳೂರ ಕಡೆಯ ಮಾತು.

“ನಮಸ್ಕಾರ, ಹೇಳಿ ಮೇಡಂ.”

“ನಿಮ್ಮ ಸಿಡಿ ನಡೀವಲ್ದರಿ. ಅದು ಇಲ್ಲದನ ಹಚ್ಚಬೇಕಾಗೇತಿ.”

“ಸಿಡಿ ಇಲ್ಲದೆ ಯಾಕೆ ಮೇಡಂ? ಪಟ್ಟಿಯಲ್ಲಿ ನಿಮ್ಮ ಊರು ಆರಿಸಿದರೆ ಆಯ್ತು.”

“ನಮ್ಮೂರ ಅದರಾಗ ಇಲ್ರಿ.”

“ಪಕ್ಕದ ಊರು ತಗೊಳ್ಳಿ.”

“ತಗೊಂಡಿದ್ವಿ. ಹೆಣ್ಮಗಳೊಬ್ಬಾಕಿ ನಂಬರ್ ಇಲ್ಲಂತ ಬಯ್ಯಾಕ ಹತ್ಯಾಳ.”

ಹುಡುಗ ನಕ್ಕ. “ಸರಿ, ಕೈಯಿಂದಲೇ ಮಾಡೋಣ ಬಿಡಿ. ಮೊದಲು ಅಲ್ಲಿ ಎಲ್ಲ ರೆಡಿ ಆಗಲಿ, ನಂಬರ್ ಕಡೆಗೆ ಕೊಡ್ತೀನಿ. ಈಗ ಪರದೆ ಮೇಲೆ ಏನಿದೆ?”

ಆತ ಕೇಳಿದ್ದನ್ನು ನಾನು ರುಹಿಗೆ ಹೇಳಿದೆ. ರುಹಿ ನೋಟ್‌ಬುಕ್ಕಿನ ಹಿಂದೆ ಬರೆದು ತೋರಿಸಿದಳು, ನಾನು ಅದನ್ನು ಓದಿ ಹೇಳಿದೆ. ಹೀಗೆ ಎರಡು ಸಲ ನಡೆಯಿತು. ಮೂರನೆಯ ಸಲ ಪರದೆಯಲ್ಲಿ ಏನೋ ಕೇಳುತ್ತಿತ್ತು. ಅವಳು ಬರೆಯಲು ಶುರುಮಾಡಿದ್ದಳು, ಎರಡಕ್ಷರ ಆಗಿದ್ದವು. ಉಳಿದದ್ದು ನನಗೆ ತಿಳಿಯಿತೆಂದುಕೊಂಡು, “ಕ್ಯಾನ್ಸಲ್ ಒತ್ತೂದೋ ಅಂತ ಕೇಳತೈತ್ರಿ” ಎಂದುಬಿಟ್ಟೆ. “ಹಾಗಿದ್ದರೆ ಒತ್ತಿ” ಎಂದ. ಒತ್ತು ಎಂದು ರುಹಿಗೆ ಸನ್ನೆ ಮಾಡಿದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದರೂ ಬಿಡದೆ ನಾನೇ ಕೈ ಚಾಚಿ ಒತ್ತಿಸಿದೆ. ಮಾಡಿದ್ದೆಲ್ಲ ಮುಚ್ಚಿಹೋಯಿತು.

ರುಹಿ ಪೆನ್ಸಿಲನ್ನು ಕುಕ್ಕಿದಳು. ಅವಳು ಬರೆಯುತ್ತಿದ್ದದ್ದು ಬೇರೇನೋ. ನಾನು ಓದಿದ್ದು ಬೇರೇನೋ. ಗೋಡೆಯ ಗಡಿಯಾರದಲ್ಲಿ ಹತ್ತು ಮುಕ್ಕಾಲು.

ಸಿಟ್ಟಿನಲ್ಲೇ ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ನನ್ನನ್ನಾಗಲಿ ಫೋನನ್ನಾಗಲಿ ಕೇಳಲಿಲ್ಲ. ಒಂದೊಂದೇ ಕಿಟಕಿ ತೆರೆದಳು, ಚೀಟಿ ನೋಡಿ ಹೆಸರು ತುಂಬಿದಳು, ಗುಟ್ಟಿನ ಅಕ್ಷರಗಳನ್ನು ತುಂಬಿದಳು. ಎರಡು ನಿಮಿಷದಲ್ಲಿ ನಂಬರಿನ ಖಾಲಿ ಮನೆಗೆ ಬಂದು ಬೆರಳಿಟ್ಟು ನಿಂತಳು.

“ಹಲೋ ಮೇಡಂ, ಇದೀರಾ? ನಿಮ್ಮ ಪಕ್ಕದಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರೋ ಇದ್ದಾರಲ್ಲ, ಅವರಿಗೇ ಫೋನ್ ಕೊಡಿ. ಏನು ಬೇಕೋ ಅವರೇ ಕೇಳಲಿ.”

“ಅಕಿಗೆ ಮಾತಾಡಾಕ…” ಎಂದು ಬಾಯಿ ತೆರೆದೆ. ಎಷ್ಟು ಸಲ ಆಡಿದ ಮಾತದು. ಶಾಲೆಯಲ್ಲಿ, ದವಾಖಾನೆಯಲ್ಲಿ, ಬಳೆಗಾರನ ಮುಂದೆ, ಬಸ್ಸಿನಲ್ಲಿ ಪಕ್ಕ ಕುಳಿತವಳು ಸುಮ್ಮನೆ ಹೆಸರು ಕೇಳಿದಾಗ. ಅಷ್ಟೂ ಸಲ ಅವಳು ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಾಳೆ ಎನ್ನುವುದು ನನಗೆ ಯಾಕೋ ಅಂದಿನವರೆಗೆ ಹೊಳೆದಿರಲಿಲ್ಲ. ಈಗಲೂ ಕೇಳಿಸಿಕೊಳ್ಳುತ್ತಿದ್ದಳು. ನನ್ನ ಮುಖವನ್ನಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಕೇಳಬೇಕಾದದ್ದು ಇನ್ನು ಒಂದೇ ಮಾತು. ನಾನು ಕೇಳಿದರೆ ಒಂದುಸಿರಿನ ಕೆಲಸ. ಹನ್ನೊಂದಕ್ಕೆ ಇನ್ನೂ ಹೊತ್ತಿತ್ತು, ಅನೀಸ ಸಿಗುತ್ತಿದ್ದಳು, ಮಗಳು ಖುಷಿಯಾಗುತ್ತಿದ್ದಳು. ಅವಳಿಗೆ ಆಗದೇ ಹೋದರೆ? ಜೂನ್‌ನಲ್ಲಿ ನಿಂತಂತೆ ಇಲ್ಲೂ ನಿಂತುಬಿಟ್ಟರೆ, ಆ ಹುಡುಗ ಫೋನ್ ಇಟ್ಟುಬಿಟ್ಟರೆ, ನಾನು ಅವಳಿಂದ ಶನಿವಾರವನ್ನೂ ಕಿತ್ತುಕೊಂಡಂತೆ.

“ನಾ… ನಾ…” ಎಂದಳು ರುಹಿ. ಕೈ ಚಾಚಿದಳು.

ನಾನು ಫೋನಿನಲ್ಲಿ ಹೇಳಿದೆ: “ಕೊಡ್ತೀನ್ರಿ. ನನ್ನ ಮಗಳು. ಅಕಿ ನಿಧಾನ ಮಾತಾಡ್ತಾಳ. ನಡುವ ಯಾರೂ ಬಾಯಿ ಹಾಕಬಾರದು ನೋಡ್ರಿ.”

“ಆಯ್ತು ಮೇಡಂ,” ಎಂದ ಆತ. “ನನಗೇನೂ ಅರ್ಜೆಂಟ್ ಇಲ್ಲ.”

ರುಹಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. ಹುಡುಗ ಹಲೋ ಎಂದದ್ದು ನನಗೂ ಸಣ್ಣಗೆ ಕೇಳಿಸಿತು. ಅವಳ ತುಟಿ ಬಿಗಿಯಿತು. ಕುತ್ತಿಗೆಯ ನರ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ತಡೆಯಲಾರದೆ, “ಊರಿನ ಹೆಸರು ಹೇಳಬೇ, ಗ—” ಎಂದರು. ನಾನು ಅವರ ಕೈ ಗಟ್ಟಿಯಾಗಿ ಹಿಡಿದೆ. ಅವರು ನುಂಗಿಕೊಂಡರು. ಆ ಮಾತು ನನ್ನ ನಾಲಿಗೆಯ ತುದಿಯಲ್ಲೂ ಕುಣಿಯುತ್ತಿತ್ತು. ಹಲ್ಲು ಕಚ್ಚಿ ಕುಳಿತೆ. ಹೊರಗೆ ಯಾರದೋ ಕೊಡ ತುಂಬಿ ನೀರು ಚೆಲ್ಲುತ್ತಿತ್ತು. ಅತ್ತ ಕಡೆಯ ಹುಡುಗ ಮತ್ತೆ ಹಲೋ ಅನ್ನಲಿಲ್ಲ, ಫೋನೂ ಇಡಲಿಲ್ಲ. ರುಹಿ ಕಣ್ಣು ಮುಚ್ಚಿದಳು, ಉಸಿರು ಬಿಟ್ಟಳು, ಮತ್ತೆ ಎಳೆದುಕೊಂಡಳು.

“ಅ… ಅಣ್ಣಾರ, ನಿಮ್ಮ ಸಿಡಿ ಇಲ್ಲದ, ಗ… ಗ… ಗ… ಗದಗಿನಿಂದ ಹಚ್ಚಾಕ, ಯಾ… ಯಾವ ನಂಬರ್ ರೀ?”